ಮಗ್ಗ ನಿಲ್ಲಿಸಿ ಹೇಳಿಸಿದ ಮಾತು

ನನ್ನ ತಮ್ಮನನ್ನು ಕೊಂದವನು ನನ್ನ ಹತ್ತಿರ ಕ್ಷಮೆ ಕೇಳಬೇಕೆಂದಿದ್ದಾನೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಗಡಹಿಂಗ್ಲಜ ಬಸ್ ನಿಲ್ದಾಣದಲ್ಲಿ, ಬುತ್ತಿ ಬಿಚ್ಚಿ ಕೂತಿದ್ದಾಗ. ನಾನು ಮಹಾರಾಷ್ಟ್ರದ ಎಸ್.ಟಿ. ಬಸ್ಸಿನ ಲೇಡಿ ಕಂಡಕ್ಟರ್. ಕೊಲ್ಲಾಪುರದ ಫೇರಿ ಮುಗಿಸಿ ಬಂದಿದ್ದೆ. ಊಟವಾದ ಮೇಲೆ ಇಚಲಕರಂಜಿಗೆ ಹೊರಡಬೇಕಿತ್ತು. ಸಿಬ್ಬಂದಿಯ ಕೋಣೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತು ನನ್ನ ಹೆಸರು ಹಿಡಿದು ವಿಚಾರಿಸಿದರು. ಹತ್ತಿಯ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಮೆತ್ತಗಿನ ಮಾತು. ಕೊಲ್ಲಾಪುರದ ಜೈಲಿನಲ್ಲಿ ಕೈದಿಗಳ ನಡುವೆ ಕೆಲಸ ಮಾಡುವ ಸಂಸ್ಥೆಯವರು. ಇಚಲಕರಂಜಿಯ ಶಹಾಪುರದಲ್ಲಿ ಬೆಳೆದವರಂತೆ, ಕನ್ನಡವೂ ಬರುತ್ತಿತ್ತು.

ಮ್ಯಾಡಮ್ ನನ್ನ ಪಕ್ಕದ ಬೆಂಚಿನ ಮೇಲೆ ಕೂತರು. ಮೊದಲು ಊಟ ಮಾಡಿರಿ ಅಂದರು. ನಾನು ಮಾಡಲಿಲ್ಲ. ಆಮೇಲೆ ವಿಷಯ ತೆಗೆದರು. ಅವನು ಒಳಗೆ ತುಂಬಾ ಬದಲಾಗಿದ್ದಾನೆ, ಕುಡಿತ ಬಿಟ್ಟಿದ್ದಾನೆ, ದಿನಾ ಪ್ರಾರ್ಥನೆಗೆ ಕೂಡುತ್ತಾನೆ, ಮಾಡಿದ್ದು ಅವನ ಎದೆಯನ್ನು ಕೊರೆಯುತ್ತಿದೆ, ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳಿದರೆ ಅವನಿಗೂ ಸಮಾಧಾನ, ನಿಮಗೂ ಸಮಾಧಾನ ಎಂದರು. ಮರಾಠಿಯಲ್ಲಿ ಒಂದು ಮಾತು ಹೇಳಿದರು, ಮನ ಮೋಕಳಂ ಕರಾ, ಮನಸ್ಸು ಹಗುರ ಮಾಡಿಕೊಳ್ಳಿ ಎಂದು.

ನಾನು ಬುತ್ತಿಯ ಮುಚ್ಚಳ ಹಾಕಿದೆ.

"ಅವ ಬದಲಾದ್ರ ನಾ ಏನ್ ಮಾಡ್ಲಿ ಮ್ಯಾಡಮ್? ನನ್ನ ತಮ್ಮ ಬದಲಾಗೂದಿಲ್ಲ. ಅವನ ವಯಸ್ಸ ಅಲ್ಲೇ ನಿಂತೈತಿ," ಎಂದೆ. ಎದ್ದು ಹೋಗಿ ಬಸ್ಸು ಹತ್ತಿದೆ. ಆ ದಿನ ನಾನು ಪ್ರಯಾಣಿಕರ ಜೊತೆ ಚಿಲ್ಲರೆಗಾಗಿ ಜಗಳಾಡಿದಷ್ಟು ಯಾವತ್ತೂ ಆಡಿಲ್ಲ.

ತಮ್ಮನ ಬಗ್ಗೆ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮದು ಗಡಹಿಂಗ್ಲಜ ತಾಲೂಕಿನ ಗಡಿಯಂಚಿನ ಊರು, ಕುರಿ ಸಾಕುವ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಪ್ಪ ತೀರಿಕೊಂಡ ಮೇಲೆ ಕುರಿ ಕಾಯುವವರಿಲ್ಲದೆ ಮಾರಿದೆವು. ನನಗೆ ಎಸ್.ಟಿ. ಕೆಲಸ ಸಿಕ್ಕಿತು. ತಮ್ಮ ಇಚಲಕರಂಜಿಗೆ ಹೋಗಿ, ಪಕ್ಕದ ಕಬನೂರಿನ ಒಂದು ಕಾರಖಾನೆಯಲ್ಲಿ ವಿದ್ಯುತ್ ಮಗ್ಗ ನಡೆಸುವುದನ್ನು ಕಲಿತು, ಅಲ್ಲೇ ಗಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದು ಸಂಸಾರ ಹೂಡಿದ. ನನ್ನ ಡ್ಯೂಟಿ ಇಚಲಕರಂಜಿಗೆ ಬಂದ ದಿನ, ಅವನಿಗೆ ಪಾಳಿ ಇಲ್ಲದಿದ್ದರೆ, ನಿಲ್ದಾಣಕ್ಕೆ ಬರುತ್ತಿದ್ದ. ಭಡಂಗದ, ಖಾರ ಚುರುಮುರಿಯ, ಪೊಟ್ಟಣ ಕೈಯಲ್ಲಿ ಹಿಡಿದು, ಖಾಲಿ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಟಿಕೀಟು ಕೊಡ್ರಿ ಬಾಯಾರ ಎಂದು ಕೂಗುತ್ತಿದ್ದ. ದೇವರಂಥವನೇನಲ್ಲ. ಮೂಗಿನ ತುದಿಯಲ್ಲಿ ಸಿಟ್ಟು. ವಾದಕ್ಕೆ ಬಿದ್ದರೆ ಬಿಡುತ್ತಿರಲಿಲ್ಲ. ಕಂಡಿದ್ದನ್ನು ಕಂಡ ಹಾಗೆ ಮುಖಕ್ಕೆ ಹೇಳಿಬಿಡುತ್ತಿದ್ದ. ಅದೇ ಅವನ ಜೀವಕ್ಕೆ ಮುಳುವಾಯಿತು.

ಕಾರಖಾನೆಯಲ್ಲಿ ಮಗ್ಗ ಕೆಟ್ಟರೆ ರಿಪೇರಿ ಮಾಡುವವನಿಗೆ ಜಾಬರ್ ಅನ್ನುತ್ತಾರೆ. ಅಲ್ಲಿನ ಜಾಬರ್ ನಮ್ಮ ಕಡೆಯವನೇ, ಕನ್ನಡದವನು. ತಮ್ಮನ ಗಲ್ಲಿಯಲ್ಲೇ ಇದ್ದ. ಕೆಲಸ ಬಲ್ಲವನು, ಆದರೆ ಕುಡಿದು ಬರುತ್ತಿದ್ದ. ಒಂದು ದಿನ ಮಗ್ಗ ತಿರುಗಿಸುವ ಬೆಲ್ಟಿನ, ಅಂದರೆ ಪಟ್ಟಾದ, ಮೇಲಿನ ಜಾಳಿಗೆಯನ್ನು ರಿಪೇರಿಗೆಂದು ಬಿಚ್ಚಿದವನು ತಿರುಗಿ ಕೂಡಿಸದೆ ಹೋಗಿಬಿಟ್ಟ. ಕಸ ಗುಡಿಸಲು ಬಗ್ಗಿದ ಒಬ್ಬ ವಯಸ್ಸಾದ ಹೆಂಗಸಿನ ಕೂದಲು ಓಡುವ ಪಟ್ಟಾಕ್ಕೆ ಸಿಕ್ಕಿತು. ಜೀವ ಉಳಿಯಿತು, ತಲೆಯ ಮೇಲಿನ ಚರ್ಮ ಉಳಿಯಲಿಲ್ಲ. ಅವಳೇ ಎಚ್ಚರ ವಹಿಸಲಿಲ್ಲ ಎಂದು ಎಲ್ಲರೂ ಮಾತು ಮುಗಿಸಿದ್ದರು. ನನ್ನ ತಮ್ಮ ಮಾಲೀಕನ ಮುಂದೆ ಹೋಗಿ, ಜಾಬರ್ ಕುಡಿದಿದ್ದ, ಜಾಳಿಗೆ ತೆಗೆದಿಟ್ಟು ಹೋದವನು ಅವನೇ ಎಂದು ಹೇಳಿದ. ಮಾಲೀಕ ಜಾಬರನನ್ನು ಕೆಲಸದಿಂದ ಬಿಡಿಸಿದ.

ಅದಾದ ಕೆಲವು ದಿನಕ್ಕೆ, ಮೊದಲ ಪಾಳಿ ಮುಗಿಸಿ ನಡೆದು ಬರುತ್ತಿದ್ದ ತಮ್ಮನನ್ನು ಜಾಬರ್ ಗಲ್ಲಿಯ ಮೂಲೆಯಲ್ಲಿ ತಡೆದ. ನಟ್ಟು ಬಿಗಿಯುವ ದೊಡ್ಡ ಪಾನಾದಿಂದ ತಲೆಗೆ ಹೊಡೆದ. ಹೊಡೆದು ಓಡಿಹೋದ. ಮಂದಿ ನೋಡಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನನ್ನ ತಮ್ಮ ಮುಗಿದಿದ್ದ.

ಇಷ್ಟೇ ಆಗಿದ್ದರೆ ನಾವು ಅತ್ತು, ಹೇಗೋ ಬದುಕುತ್ತಿದ್ದೆವೇನೋ. ಕೋರ್ಟಿನಲ್ಲಿ ಅವನನ್ನು ಎರಡನೆಯ ಸಲ ಕೊಂದರು. ಹೊಡೆದಿಲ್ಲ ಎನ್ನಲು ಜಾಬರನಿಗೆ ಬರುವಂತಿರಲಿಲ್ಲ, ಹೆದರಿ ಹತ್ತಿರ ಹೋಗದಿದ್ದರೂ ಮೂಲೆಯ ಅಂಗಡಿಯವನು ನೋಡಿದ್ದ. ಹಾಗಾಗಿ ಒಂದು ಕಥೆ ಕಟ್ಟಿದರು. ಜಾಬರ್ ಮನೆಗೆ ಬಂದಾಗ ನನ್ನ ತಮ್ಮ ಅವನ ಹೆಂಡತಿಯ ಕೈ ಹಿಡಿದು ಎಳೆಯುತ್ತಿದ್ದನಂತೆ, ಅದನ್ನು ನೋಡಿ ತಲೆ ತಿರುಗಿ, ಬೆನ್ನಟ್ಟಿ ಬಂದು ಹೊಡೆದನಂತೆ. ಜಾಬರನ ಹೆಂಡತಿಯನ್ನೂ ಕಟಕಟೆಗೆ ತಂದರು. ತಲೆಯ ಮೇಲೆ ಸೆರಗು ಹೊದ್ದು, ನೆಲ ನೋಡುತ್ತಾ, ಕೇಳಿದ್ದಕ್ಕೆಲ್ಲ ಹೌದು ಹೌದು ಎಂದಳು. ನಾನು ಎದ್ದು ನಿಂತು ಸುಳ್ಳು ಎಂದು ಕೂಗಿದೆ. ನನ್ನನ್ನು ಕೂರಿಸಿದರು. ಕಾರಖಾನೆಯ ಮಾಲೀಕ ಸಾಕ್ಷಿಗೆ ಬಂದಾಗ, ಜಾಬರ್ ತಾನಾಗೇ ಕೆಲಸ ಬಿಟ್ಟಿದ್ದ ಎಂದ. ಕೂದಲು ಕಿತ್ತುಹೋದ ಹೆಂಗಸಿನ ವಿಷಯ ಎದ್ದರೆ ತನಗೇ ತೊಂದರೆ ಎಂದು ಅವನಿಗೆ ಭಯ. ಹೀಗೆ ಕೊಲೆ ಎಂಬುದು ಸಿಟ್ಟಿನ ಭರದಲ್ಲಿ ನಡೆದ ಕೃತ್ಯವಾಯಿತು, ಜೀವಾವಧಿ ಹೋಗಿ ಸಣ್ಣ ಶಿಕ್ಷೆ ಬಂತು.

ಶಿಕ್ಷೆ ಸಣ್ಣದಾಯಿತೆಂಬ ಸಿಟ್ಟು ನಿಧಾನಕ್ಕೆ ಇಳಿಯಿತು. ಆ ಸುಳ್ಳಿನ ಸಿಟ್ಟು ಇಳಿಯಲೇ ಇಲ್ಲ. ಏಕೆಂದರೆ ಅದು ಊರೂರು ತಿರುಗುತ್ತಿತ್ತು, ನನ್ನ ಬಸ್ಸಿನಲ್ಲೇ ಕೂತು ಪ್ರಯಾಣ ಮಾಡುತ್ತಿತ್ತು. ಒಮ್ಮೆ ನಿಪ್ಪಾಣಿ ದಾಟಿದ ಮೇಲೆ ಇಬ್ಬರು ಗಂಡಸರು, ಕಂಡಕ್ಟರ್ ಯಾರೆಂದು ಗೊತ್ತಿಲ್ಲದೆ, ಆ ಖೂನಿನ ಮಾತು ತೆಗೆದರು. "ಅಂವ ಹೆಣ್ಣಮಗಳ ಕೈ ಹಿಡದಿದ್ನಂತಲ್ಲ. ಗಂಡ ಆದಾಂವ ಹೊಡೀದ ಏನ್ ಮಾಡ್ತಾನ," ಎಂದ ಒಬ್ಬ. ನಾನು ಅವರ ಸೀಟಿನ ಪಕ್ಕ ನಿಂತು ಅವರಿಗೆ ಟಿಕೀಟು ಹರಿದುಕೊಡುತ್ತಿದ್ದೆ. ಅವರ ಮುಖ ಈಗಲೂ ನನಗೆ ನೆನಪಿದೆ. ಕೆಟ್ಟ ಮನುಷ್ಯರೇನಲ್ಲ, ಒಬ್ಬನ ತೊಡೆಯ ಮೇಲೆ ಮಗು ಮಲಗಿತ್ತು. ಗಂಟೆ ಬಾರಿಸಿ ಬಸ್ಸು ನಿಲ್ಲಿಸಿ, ಇಬ್ಬರನ್ನೂ ರಸ್ತೆಗೆ ಇಳಿಸಬೇಕೆನಿಸಿತು. ಯಾವ ನಿಯಮದ ಮೇಲೆ ಇಳಿಸಲಿ? ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ಕಾಗಲ್ ಬರುವ ತನಕ ಬೆರಳು ಬಿಚ್ಚಲಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾಳಾಗಿದ್ದು ತಮ್ಮನ ಹೆಂಡತಿಯ ಮನಸ್ಸು. ಅವಳು ಕೋರ್ಟಿಗೆ ಬಂದಿದ್ದಳು, ಕಟಕಟೆಯ ಮಾತು ಕಿವಿಯಾರೆ ಕೇಳಿದ್ದಳು. ಅವತ್ತಿನಿಂದ ಗಂಡನ ಹೆಸರು ತೆಗೆದರೆ ಎದ್ದು ಹೋಗುತ್ತಿದ್ದಳು. ಮಗಳನ್ನು ಕಟ್ಟಿಕೊಂಡು ನಾಂದಣಿ ಹತ್ತಿರದ ತವರಿಗೆ ಹೋಗಿಬಿಟ್ಟಳು. ನಾನು ನೋಡಲು ಹೋದಾಗ ಚಹಾ ಕೊಟ್ಟಳು, ಚೆನ್ನಾಗಿಯೇ ಮಾತಾಡಿದಳು. ನಿನ್ನ ಗಂಡ ಅಂಥವನಲ್ಲ ಎಂದು ನಾನು ಹೇಳಿದಾಗ ಮಾತ್ರ ಲೋಟದ ಅಂಚನ್ನೇ ಉಜ್ಜುತ್ತಾ ಕೂತಳು.

"ನನಗೇನ್ ಗೊತ್ತಕ್ಕಾ," ಎಂದಳು. "ನಾ ದಿನಾ ಮನ್ಯಾಗ ಇರಾಕಿ. ಅವರು ಹೊರಗ ಹ್ಯಾಂಗಿದ್ರೋ."

ಗಂಡ ಸತ್ತ ಹೆಂಗಸಿಗೆ ಅಳುವ ಹಕ್ಕಾದರೂ ಇರುತ್ತದೆ. ಅವಳಿಗೆ ಅದನ್ನೂ ಉಳಿಸಿರಲಿಲ್ಲ. ಅತ್ತರೆ ತನ್ನನ್ನು ವಂಚಿಸಿದವನಿಗಾಗಿ ಅತ್ತಂತೆ, ಅಳದಿದ್ದರೆ ಕಲ್ಲುಮನಸ್ಸಿನವಳು. ಅವಳು ಎರಡೂ ಮಾಡಲಾರದೆ ವರ್ಷಗಟ್ಟಲೆ ಹಾಗೇ ಉಳಿದಳು.

ಇಂಥ ಸ್ಥಿತಿಯಲ್ಲಿ ಮ್ಯಾಡಮ್ ಮತ್ತೆ ಮತ್ತೆ ಬರತೊಡಗಿದರು. ಸಂಬಂಧಿಕರಿಗೂ ಸುದ್ದಿ ಹೋಯಿತು. ಎಲ್ಲರೂ ನನಗೆ ಬುದ್ಧಿ ಹೇಳುವವರೇ. ಸಿಟ್ಟು ಇಟ್ಟುಕೊಂಡರೆ ನಿನಗೇ ಬಿ.ಪಿ. ಏರುತ್ತದೆ, ಕ್ಷಮಿಸಿದವರು ದೊಡ್ಡವರು, ಹೋದವನು ತಿರುಗಿ ಬರುತ್ತಾನೇನು. ಕೊಂದವನಿಗೆ ಒಬ್ಬರೂ ಏನೂ ಹೇಳುತ್ತಿರಲಿಲ್ಲ. ದೊಡ್ಡವಳಾಗುವ ಕೆಲಸವೂ ನನ್ನದೇ. ನಮ್ಮ ಡಿಪೋದ ಒಬ್ಬ ಜೈನ ಡ್ರೈವರ್ ಮಾತ್ರ ಬೇರೆ ಮಾತು ಹೇಳಿದ. ಅವನು ವರ್ಷಕ್ಕೊಮ್ಮೆ ನಾಂದಣಿ ಮಠಕ್ಕೆ ತಪ್ಪದೆ ಹೋಗುವವನು. ತಮ್ಮಲ್ಲಿ ಕ್ಷಮೆ ಕೇಳುವುದು ಪದ್ಧತಿ, ಆದರೆ ಏನು ಮಾಡಿದೆ ಎಂದು ಮೊದಲು ತನ್ನ ಬಾಯಿಂದಲೇ ಒಪ್ಪಬೇಕಾಗುತ್ತದೆ, ಸುಮ್ಮನೆ ಕ್ಷಮಿಸಿ ಅಂದರೆ ನಡೆಯುವುದಿಲ್ಲ ಎಂದ. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಅವ್ವನನ್ನು ಕೇಳಿದೆ. ಅವ್ವ ಜೋಳ ಕೇರುತ್ತಿದ್ದಳು, ಕೇರುವುದನ್ನು ನಿಲ್ಲಿಸಲಿಲ್ಲ.

"ಹೋಗ. ಕ್ಷಮಾ ಗಿಮಾ ಏನರ ಮಾಡ್ಕೋರಿ. ನನಗ ಒಂದ ಮಾತ ಕೇಳ್ಕೊಂಡ ಬಾ. ಬಿದ್ದ ಮ್ಯಾಲೆ ನೀರ ಕೇಳಿದ್ನೇನು, ಯಾರರ ಬಾಯಾಗ ಹಾಕಿದ್ರೇನು, ಅಷ್ಟ."

ಆ ಒಂದು ಪ್ರಶ್ನೆಗಾಗಿ ನಾನು ಒಪ್ಪಿದೆ.

ಕೊಲ್ಲಾಪುರದ ಜೈಲಿನಲ್ಲಿ ನಮ್ಮನ್ನು ಕೂರಿಸಿದ್ದು ಕಚೇರಿಯ ಪಕ್ಕದ ಒಂದು ಖೋಲಿಯಲ್ಲಿ. ಸುಣ್ಣ ಬಳಿದ ಗೋಡೆ, ಟೇಬಲ್ಲಿನ ಮೇಲೆ ನೀರಿನ ಜಗ್ಗು, ಬಾಗಿಲಲ್ಲಿ ಒಬ್ಬ ಸಿಪಾಯಿ. ಒಳಗೆ ಹೋಗುವ ಮೊದಲು ಮ್ಯಾಡಮ್ ನಿಯಮ ಹೇಳಿದರು. ಬೈಯಬಾರದು, ಕೈ ಎತ್ತಬಾರದು, ಒಳಗೆ ಆಡಿದ ಮಾತು ಹೊರಗೆ ಹೇಳಬಾರದು. ನಾನು ಗೋಣು ಹಾಕಿದೆ, ಯಾವುದಕ್ಕೆಂದು ಸರಿಯಾಗಿ ಯೋಚಿಸದೆ. ಅವನನ್ನು ಕರೆತಂದರು. ನನ್ನ ನೆನಪಿನಲ್ಲಿದ್ದ ಮನುಷ್ಯ ಅಡ್ಡಾದಿಡ್ಡಿ ಬೆಳೆದ ಗಡ್ಡದವನು, ದಪ್ಪ ತೋಳಿನವನು. ಇಲ್ಲಿ ಬಂದವನು ನುಣ್ಣಗೆ ಕ್ಷೌರ ಮಾಡಿಸಿಕೊಂಡ, ತೆಳ್ಳಗಾದ, ಹಣೆಗೆ ಗಂಧ ಹಚ್ಚಿದ ಒಬ್ಬ ಭಜನೆಯವನು. ಅದನ್ನು ನೋಡಿಯೇ ನನಗೆ ರಕ್ತ ಕುದಿಯಿತು. ಅವನು ಹಾಳಾಗಿರುತ್ತಾನೆ ಅಂದುಕೊಂಡಿದ್ದೆ. ಅವನು ಚೆನ್ನಾಗಿದ್ದ.

ಕೈ ಮುಗಿದು ಮರಾಠಿಯಲ್ಲಿ ಶುರು ಮಾಡಿದ. ಮಾಝ್ಯಾ ಹಾತೂನ್ ಮೋಠೀ ಚೂಕ್ ಝಾಲೀ, ನನ್ನ ಕೈಯಿಂದ ದೊಡ್ಡ ತಪ್ಪು ನಡೆದುಹೋಯಿತು ಎಂದ. ಮುಂದಿನ ಮಾತೂ ಅಷ್ಟೇ ಸರಾಗ. ಒಂದಕ್ಷರ ತಪ್ಪುತ್ತಿರಲಿಲ್ಲ. ತಪ್ಪು ನಡೆದುಹೋಯಿತಂತೆ. ಕೈ ಅವನಿಗೆ ಹೇಳದೆ ಕೇಳದೆ ತಾನೇ ಎದ್ದು ಹೋಗಿ ಪಾನಾ ಹಿಡಿದಿತ್ತೇನೋ.

"ಕನ್ನಡದಾಗ ಹೇಳ," ಎಂದೆ.

ಅವನು ನಿಂತುಬಿಟ್ಟ. ಕಲಿತಿದ್ದೆಲ್ಲ ಮರಾಠಿಯಲ್ಲಿತ್ತು. ಮನೆಯ ಮಾತಿನಲ್ಲಿ ಒಂದು ಪದವೂ ಬರಲಿಲ್ಲ. ಕೊನೆಗೆ ಅಕ್ಕಾ ಎಂದ.

"ಅಕ್ಕಾ ಅನಬ್ಯಾಡ. ನನಗ ಅಕ್ಕಾ ಅನ್ನಾಂವ ಒಬ್ಬನ ಇದ್ದ."

ಅವನು ಅಳತೊಡಗಿದ. ಮ್ಯಾಡಮ್ ಜಗ್ಗಿನಿಂದ ನೀರು ಬಗ್ಗಿಸಿ ಅವನ ಮುಂದೆ ಇಟ್ಟರು. ಆ ಲೋಟವನ್ನು ನೋಡಿ ನನಗೆ ಅವ್ವನ ಪ್ರಶ್ನೆ ನೆನಪಾಯಿತು. ಕೇಳಿದೆ. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಗೊತ್ತಿಲ್ರಿ. ನಾ ಅಲ್ಲಿ ನಿಲ್ಲಲಿಲ್ಲ. ತಿರುಗಿ ಸೈತ ನೋಡ್ಲಿಲ್ಲ."

ಅಷ್ಟು ದೂರ ಬಂದು ಕೇಳಿದ ಒಂದೇ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ. ಅವನು ಕೊಡಬಹುದಾದದ್ದು ಅಳು ಒಂದೇ, ಅದು ನಮ್ಮ ಮನೆಯಲ್ಲಿ ಬೇಕಾದಷ್ಟಿತ್ತು. ನಾನು ಏಳುವವಳಿದ್ದೆ. ಡ್ರೈವರ್ ಹೇಳಿದ ಮಾತು ನೆನಪಾಗಿ ಮತ್ತೆ ಕೂತೆ.

"ನನ್ನ ತಮ್ಮ ನಿನ್ನ ಹೆಂಡ್ತಿ ಕೈ ಹಿಡದಿದ್ನೇನು?"

ಅವನು ಮ್ಯಾಡಮ್ ಕಡೆ ನೋಡಿದ. ಅವರು ನನ್ನ ಕಡೆ ನೋಡಿದರು. ಈ ಪ್ರಶ್ನೆ ಅವರಿಗೂ ಹೊಸದು.

"ಇಲ್ರಿ," ಎಂದ. ಮುಂದಿದ್ದ ಲೋಟ ಪಕ್ಕಕ್ಕೆ ಸರಿಸಿ, "ವಕೀಲರು ಹಂಗ ಹೇಳಂದ್ರು. ಶಿಕ್ಷಾ ಕಡಿಮಿ ಆಗತೈತಿ ಅಂದ್ರು. ಆಕಿ ಒಲ್ಲೆ ಅಂದ್ಳು. ನಾನ ಹೆದರಿಸಿ ಹೇಳಸೀನಿ."

ನನಗೆ ಗೊತ್ತಿದ್ದ ಸತ್ಯವೇ. ಆದರೂ ಅವನ ಬಾಯಿಂದ ಬಂದಿದ್ದು ಇದೇ ಮೊದಲು. ಅದನ್ನು ಕಬನೂರಿನ ಗಲ್ಲಿಯಲ್ಲಿ, ನಾಲ್ಕು ಮಂದಿಯ ಮುಂದೆ, ನನ್ನ ತಮ್ಮನ ಹೆಂಡತಿಗೆ ಕೇಳುವಂತೆ ಹೇಳುತ್ತೀಯಾ ಎಂದು ಕೇಳಿದೆ. ಅವನು ಬಾಯಿ ಬಿಡುವ ಮೊದಲೇ ಮ್ಯಾಡಮ್ ನಡುವೆ ಬಂದರು. ಇದು ಭೇಟಿಯ ಉದ್ದೇಶವಲ್ಲ, ಹೊರಗೆ ಜನರ ಮುಂದೆ ಅವಮಾನ ಮಾಡುವುದು ಪದ್ಧತಿಯಲ್ಲಿಲ್ಲ, ಇಲ್ಲಿಯ ಮಾತು ಇಲ್ಲೇ ಉಳಿಯಬೇಕು, ನೀವು ಒಪ್ಪಿ ಬಂದಿದ್ದೀರಿ ಎಂದರು. ಅಷ್ಟೇ ಮೆತ್ತಗೆ.

"ಸುಳ್ಳ ಎಲ್ಲಿ ಹೇಳ್ಯಾನ ಮ್ಯಾಡಮ್?" ಎಂದೆ. "ತುಂಬಿದ ಕೋರ್ಟಿನ್ಯಾಗ ಹೇಳ್ಯಾನ. ಖರೇ ಹೇಳಾಕ ಮಾತ್ರ ಬಾಗಲಾ ಹಾಕ್ಕೊಂಡ ಕುಂಡ್ರಬೇಕೇನ್ರಿ?"

ಸಿಪಾಯಿ ಒಳಗೆ ಇಣುಕಿದ. ಭೇಟಿ ಮುಗಿಯಿತು ಎಂದರು. ಹೊರಗೆ ಬರುವಾಗ ಮ್ಯಾಡಮ್ ನನ್ನ ಭುಜದ ಮೇಲೆ ಕೈ ಇಟ್ಟರು, ನಾನು ಕೈ ಸರಿಸಿದೆ. ಅವನಿಗೆ ಹಗುರವಾಗಿತ್ತು, ನನಗೆ ಕಾಣುತ್ತಿತ್ತು. ಅವನ ಹೊರೆಯನ್ನು ನನ್ನ ತಲೆಗೆ ಹೊರಿಸಿ, ಬಾಯಿಗೆ ಬೀಗ ಹಾಕಿ ಕಳಿಸಿದ್ದರು.

ಊರಿಗೆ ಬಂದು ಅವ್ವನಿಗೆ ಹೇಳಿದೆ, ಅವನು ಓಡಿಹೋಗಿದ್ದನಂತೆ, ಗೊತ್ತಿಲ್ಲವಂತೆ ಎಂದು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಂದ್ರ ಒಬ್ಬನ ಬಿದ್ದಿದ್ದ," ಎಂದಳು.

ನಾನು ನಿಯಮ ಮುರಿದೆ. ಮರುದಿನವೇ ತಮ್ಮನ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ನೀವು ಅಕ್ಕ, ನೀವು ನಿಮ್ಮ ತಮ್ಮನ ಪರವಾಗಿ ಹೇಳದೆ ಇನ್ನೇನು ಹೇಳುತ್ತೀರಿ ಎಂದಳು. ಸಿಟ್ಟಿನಿಂದಲ್ಲ, ಸುಸ್ತಾದ ದನಿಯಲ್ಲಿ. ಆಗ ನನಗೆ ಖಾತ್ರಿಯಾಯಿತು. ಈ ಸುಳ್ಳನ್ನು ನಾನು ಜನ್ಮವಿಡೀ ಕೂಗಿದರೂ ಅಳಿಸಲಾರೆ. ಕಟ್ಟಿದವರೇ ಬಂದು ಬಿಚ್ಚಬೇಕು.

ಮ್ಯಾಡಮ್‌ಗೆ ಹೇಳಿ ಕಳಿಸಿದೆ: ಆ ಜಾಬರ್ ಗಲ್ಲಿಗೆ ಬಂದು ಹೇಳುವ ತನಕ ನನ್ನ ಮುಂದೆ ಕ್ಷಮೆ ಎಂಬ ಪದ ಎತ್ತಬೇಡಿ. ತಿಂಗಳುಗಳು ಕಳೆದವು. ನಾನು ಆ ಆಸೆ ಕೈಬಿಟ್ಟಿದ್ದೆ. ಒಂದು ದಿನ ಮ್ಯಾಡಮ್ ನನ್ನ ಬಸ್ಸಿಗೇ ಬಂದರು, ಜೊತೆಗೆ ಇನ್ನೊಬ್ಬ ಹೆಂಗಸು. ಸೆರಗು ತಲೆಯ ಮೇಲಿರಲಿಲ್ಲವಾದ್ದರಿಂದ ತಟ್ಟನೆ ಗುರುತು ಸಿಗಲಿಲ್ಲ. ಅವಳು ಜಾಬರನ ಹೆಂಡತಿ.

ಅವಳು ಇನ್ನೂ ಅದೇ ಗಲ್ಲಿಯಲ್ಲಿದ್ದಳು, ಬೇರೆ ಕಾರಖಾನೆಯಲ್ಲಿ ನೂಲಿನ ಕಾಂಡಿ ಸುತ್ತುವ ಕೆಲಸ ಮಾಡುತ್ತಿದ್ದಳು. ಕೋರ್ಟಿನ ಆ ಮಾತು ಅವಳನ್ನೂ ಬಿಟ್ಟಿರಲಿಲ್ಲ. ಕೈ ಹಿಡಿಯುವವರೆಗೆ ಬಂದಿದ್ದನೆಂದರೆ ಇವಳೇ ಸಲಿಗೆ ಕೊಟ್ಟಿರಬೇಕು ಎಂದು ಗಲ್ಲಿ ಆಡಿಕೊಂಡಿತ್ತು. ಕೆಲಸ ಬಿಟ್ಟು ಬರುವಾಗ ಗಂಡಸರು ದಾರಿಗೆ ಅಡ್ಡ ನಿಲ್ಲುತ್ತಿದ್ದರು. ಇದನ್ನೆಲ್ಲ ಅವಳು ಮ್ಯಾಡಮ್‌ಗೆ ಹೇಳಿದ್ದಳು. ಮ್ಯಾಡಮ್ ತಮ್ಮ ಮೇಲಿನವರ ಜೊತೆ ವಾದ ಮಾಡಿ, ಕೈದಿಗಳನ್ನು ಕೆಲವು ದಿನ ಮನೆಗೆ ಬಿಡುವ ಫರ್ಲೋ ರಜೆ ಜಾಬರನಿಗೆ ಸಿಕ್ಕಾಗ ಪೊಲೀಸರಿಗೆ ತಿಳಿಸಿ ಅವನನ್ನು ಗಲ್ಲಿಗೆ ಕರೆತರಲು ಒಪ್ಪಿಗೆ ಪಡೆದಿದ್ದರು. ಅವತ್ತು ಜೈಲಿನಲ್ಲಿ ನಿಮ್ಮನ್ನು ಸುಮ್ಮನಿರಿಸಬಾರದಿತ್ತು ಎಂದರು. ನಾನು ಇಬ್ಬರಿಗೂ ಟಿಕೀಟು ಹರಿದುಕೊಟ್ಟೆ. ಜಾಬರನ ಹೆಂಡತಿಯ ಮೇಲೆ ನನಗಿದ್ದ ಸಿಟ್ಟು ಹೋಯಿತು ಎಂದೂ ಹೇಳಲಾರೆ. ಗಂಡ ಹೆದರಿಸಿದ್ದ ನಿಜ. ಆದರೆ ಅವಳು ಹೌದು ಎಂದ ಪ್ರತಿಯೊಂದು ಸಲವನ್ನೂ ನಾನು ಕಿವಿಯಾರೆ ಕೇಳಿದ್ದೆ.

ಜಾಬರನನ್ನು ಕರೆತರುವ ದಿನ ನಾನು ಮೊದಲು ಹೋಗಿದ್ದು ಕಾರಖಾನೆಯ ಮಾಲೀಕನ ಹತ್ತಿರ. ಆ ಗಲ್ಲಿಯಲ್ಲಿ ಮಗ್ಗ ಓಡುತ್ತಿದ್ದರೆ ಪಕ್ಕದವರು ಆಡಿದ ಮಾತೂ ಕೇಳುವುದಿಲ್ಲ. ಜಾಬರ್ ತುಟಿ ಅಲ್ಲಾಡಿಸಿ ಹೋಗುವುದು ನನಗೆ ಬೇಕಿರಲಿಲ್ಲ. ಸ್ವಲ್ಪ ಹೊತ್ತು ಎಲ್ಲ ಮಗ್ಗ ನಿಲ್ಲಿಸಬೇಕು ಎಂದೆ. ಆರ್ಡರ್ ಇದೆ, ಬಟ್ಟೆ ಇಳಿಯಬೇಕು, ಆಗುವುದಿಲ್ಲ ಎಂದ.

"ನೀವು ಕೋರ್ಟಿನ್ಯಾಗ ಖರೇ ಹೇಳದ ಸುಮ್ಮನ ಕುಂತ್ರಿ," ಎಂದೆ. "ಇವತ್ತ ನಿಮ್ಮ ಮಗ್ಗ ಸುಮ್ಮನ ಕುಂಡ್ರಲಿ."

ಅವನು ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಸ್ವಿಚ್ಚು ಆರಿಸಿದ. ಎದುರಿನ ಕಾರಖಾನೆಯವರೂ ಏನೋ ಆಗಿದೆ ಎಂದು ಒಂದೊಂದಾಗಿ ನಿಲ್ಲಿಸಿದರು. ಅಷ್ಟು ನಿಶ್ಶಬ್ದವನ್ನು ಆ ಗಲ್ಲಿ ಕಂಡಿರಲಿಲ್ಲ. ಮನೆಗಳಿಂದ ಹೆಂಗಸರು ಹೊರಗೆ ಬಂದರು, ಕಾಮಗಾರರು ಕೈಗೆ ಹತ್ತಿದ ನೂಲಿನ ಸಮೇತ ಬಾಗಿಲಿಗೆ ಬಂದು ನಿಂತರು.

ತಮ್ಮನ ಹೆಂಡತಿಯನ್ನು ನಾನೇ ಹೋಗಿ ಕರೆತಂದಿದ್ದೆ. ಬರುವುದಿಲ್ಲ ಎಂದಿದ್ದಳು, ಕೊನೆಗೆ ಮಗಳನ್ನು ತವರಿನಲ್ಲಿ ಬಿಟ್ಟು ಬಂದಳು. ಅವ್ವನಿಗೆ ಅಂಗಡಿಯವನು ಕುರ್ಚಿ ಹಾಕಿದ, ಅವ್ವ ಕೂಡಲಿಲ್ಲ.

ಜಾಬರ್ ಬಂದು ನಡುವೆ ನಿಂತ. ತಲೆ ತಗ್ಗಿಸಿ, ಮರಾಠಿಯಲ್ಲಿ, ನನ್ನಿಂದ ತಪ್ಪಾಯಿತು, ಎಲ್ಲರೂ ಕ್ಷಮಿಸಬೇಕು ಎಂದ. ಅಷ್ಟೇ. ಅಷ್ಟು ಹೇಳಿ ಕೈ ಮುಗಿದು ನಿಂತ. ಇದಕ್ಕಾಗಿ ಇಷ್ಟೆಲ್ಲ ಮಾಡಿದೆನೇ? ಯಾವ ತಪ್ಪು ಎಂದು ಹೇಳು ಎಂದೆ. ಅವನು ತುಟಿ ಒದ್ದೆ ಮಾಡಿಕೊಂಡ. ಗಲ್ಲಿಯ ಗಂಡಸರು ಅವನನ್ನೇ ನೋಡುತ್ತಿದ್ದರು. ಕೊಂದೆ ಎಂದು ಒಪ್ಪುವುದು ಅವನಿಗೆ ಕಷ್ಟವಿರಲಿಲ್ಲ, ಅದರಲ್ಲಿ ಗಂಡಸುತನವಿತ್ತು. ಹೆಂಡತಿಯಿಂದ ಸುಳ್ಳು ಹೇಳಿಸಿ ತಲೆ ಉಳಿಸಿಕೊಂಡೆ ಎನ್ನುವುದು ಅವನ ಬಾಯಿಗೆ ಬರಲಿಲ್ಲ.

ಅವನ ಹಿಂದೆ ನಿಂತಿದ್ದ ಹೆಂಡತಿ ಮುಂದೆ ಬಂದಳು. ನಮ್ಮ ಕಡೆಗಲ್ಲ, ಗಲ್ಲಿಯ ಕಡೆ ಮುಖ ಮಾಡಿ ನಿಂತಳು.

"ಆ ಹುಡುಗ ನನ್ನ ಕಡೆ ಒಂದ ದಿನಾ ಕೆಟ್ಟ ಕಣ್ಣೀಲೆ ನೋಡಿಲ್ಲ," ಎಂದಳು. ಎಲ್ಲರಿಗೂ ಕೇಳಿತು. "ಕೋರ್ಟಿನ್ಯಾಗ ನಾ ಹೇಳಿದ್ದು ಪೂರಾ ಸುಳ್ಳ. ಇಂವ ಹೇಳಸ್ಯಾನ. ಕುಡದ ಕೆಲಸಾ ಕಳಕೊಂಡ ಸಿಟ್ಟಿಗೆ ಹೊಡದಾನ. ನೀವೆಲ್ಲಾ ಇಷ್ಟ ವರ್ಷ ನನ್ನ ಬಗ್ಗೆ ಏನೇನ್ ಆಡೀರಿ, ನನಗ ಗೊತ್ತೈತಿ."

ಅದನ್ನೇ ಮತ್ತೆ ಮರಾಠಿಯಲ್ಲೂ ಹೇಳಿದಳು, ಒಬ್ಬರಿಗೂ ತಪ್ಪಬಾರದೆಂದು. ಈಗ ನೀನು ಹೇಳು ಎಂದು ಅವಳು ಗಂಡನ ಕಡೆ ತಿರುಗಿದಳು. ಅವನು ಹೇಳಿದ. ಮಾತು ಮಾತಿಗೆ ತಡೆದು, ಕನ್ನಡದಲ್ಲಿ, ಹೆಂಡತಿ ಹೇಳಿದ್ದನ್ನೇ ತನ್ನ ಬಾಯಿಂದ ಹೇಳಿದ. ಜಾಳಿಗೆ ಬಿಚ್ಚಿಟ್ಟು ಹೋದವನೂ ತಾನೇ ಎಂದ. ಕಾರಖಾನೆಯ ಬಾಗಿಲಲ್ಲಿ ನಿಂತಿದ್ದ ಮಾಲೀಕ ಆಗ ಒಳಗೆ ಸರಿದ. ಜಾಬರ್ ಬಂದು ಅವ್ವನ ಕಾಲಿಗೆ ಬಗ್ಗಿದ. ಅವ್ವ ಕಾಲು ಹಿಂದಕ್ಕೆ ತೆಗೆದುಕೊಂಡಳು. ಮುಟ್ಟಬೇಡ ಎಂದಷ್ಟೇ ಹೇಳಿದಳು. ಅವನು ನೆಲದ ಮೇಲೆ ಕೈ ಊರಿಕೊಂಡೇ ಉಳಿದ, ಮ್ಯಾಡಮ್ ಬಂದು ಎಬ್ಬಿಸಿ ಕರೆದುಕೊಂಡು ಹೋದರು.

ನಾನು ತಮ್ಮನ ಹೆಂಡತಿಯನ್ನು ನೋಡಿದೆ. ಅವಳು ಅಳುತ್ತಾಳೆ, ಅವನ ಮೇಲೆ ಏರಿ ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ತಾವಿದ್ದ ಮನೆಯ ಕಡೆ ನಡೆದಳು. ಈಗ ಅಲ್ಲಿ ಬೇರೆಯವರಿದ್ದಾರೆ. ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತಳು. ನಾನು ಹೋಗಿ ಪಕ್ಕ ಕೂತೆ. ಮಗ್ಗಗಳು ಒಂದೊಂದಾಗಿ ಮತ್ತೆ ಶುರುವಾದವು. ಆ ಸದ್ದಿನಲ್ಲಿ ಅವಳು ಏನೋ ಹೇಳಿದಳು, ಕೇಳಲಿಲ್ಲ. ಬಾಗಿ ಕಿವಿ ಕೊಟ್ಟೆ.

"ಇಷ್ಟ ವರ್ಷ ನಾ ಅವರಿಗೆ ದಿನಾ ಬೈದೀನಕ್ಕಾ," ಎಂದಳು.

ಆಮೇಲೆ ಅತ್ತಳು. ಸತ್ತ ದಿನ ಅಳಬೇಕಾಗಿದ್ದ ಅಳು ಅದು. ಗಲ್ಲಿಯ ಹೆಂಗಸರು ಸುತ್ತ ಬಂದು ಸಮಾಧಾನ ಹೇಳತೊಡಗಿದರು. ಹಿಂದೆ ಇದೇ ಹೆಂಗಸರು ಬಾಯಿ ಚಪ್ಪರಿಸಿಕೊಂಡು ಆಡಿದವರು. ನಾನು ಅವರನ್ನೆಲ್ಲ ದೂರ ಹೋಗಿರಿ ಎಂದು ಗದರಿದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಮಗ್ಗದ ಸದ್ದಿನಲ್ಲೂ ಎಲ್ಲರಿಗೂ ಕೇಳಿತು.

ಇದು ನಡೆದ ಮೇಲೆ ಮ್ಯಾಡಮ್ ಸಂಸ್ಥೆಯವರು ಕೊಲ್ಲಾಪುರದಲ್ಲಿ ಒಂದು ಸಭೆ ಇಟ್ಟರು, ನಾನು ಬಂದು ಮಾತಾಡಬೇಕೆಂದರು. ಹೋದೆ. ಹೂವಿನ ಗುಚ್ಛ ಕೊಟ್ಟರು. ಒಬ್ಬ ಹಿರಿಯರು ನನ್ನ ಬಗ್ಗೆ ಬಹಳ ಹೊತ್ತು ಹೊಗಳಿ, ಈ ತಾಯಿ ಕೊಲೆಗಾರನನ್ನು ಕ್ಷಮಿಸಿ ಲೋಕಕ್ಕೆ ಮಾದರಿಯಾದರು ಎಂದರು. ನಾನು ಎದ್ದು, ಕ್ಷಮಿಸಿಲ್ಲ ಎಂದೆ. ಅವನು ಹೇಳಿದ ಸುಳ್ಳನ್ನು ಅವನೇ ವಾಪಸು ತೆಗೆದುಕೊಂಡಿದ್ದಾನೆ, ಅದು ಅವನ ಕರ್ತವ್ಯವಾಗಿತ್ತು, ಅಷ್ಟೇ. ನನ್ನ ತಮ್ಮನನ್ನು ವಾಪಸು ಕೊಡಲು ಅವನಿಂದಾಗುವುದಿಲ್ಲ, ಹಾಗಾಗಿ ಕ್ಷಮೆಯನ್ನು ನನ್ನಿಂದ ಕೇಳಬೇಡಿ ಎಂದು ಕೂತೆ. ಕೆಲವರು ಚಪ್ಪಾಳೆ ತಟ್ಟಿದರು, ಯಾಕೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ.

ಬಸ್ ನಿಲ್ದಾಣದ ತನಕ ಮ್ಯಾಡಮ್ ನನ್ನ ಜೊತೆ ನಡೆದು ಬಂದರು. ಕ್ಷಮೆ ಕೇಳಬೇಕೆನ್ನುವ ಕೈದಿಗಳು ಇನ್ನೂ ಇದ್ದಾರೆ, ಮುಂದೆ ಇಂಥ ಮನೆಗಳಿಗೆ ಹೋದಾಗ ಏನು ಹೇಳಲಿ ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದರು.

"ಏನೂ ಹೇಳಬ್ಯಾಡ್ರಿ," ಎಂದೆ. "ಮೊದಲ ಅವರಿಗೆ ಏನ್ ಬೇಕಂತ ಕೇಳ್ರಿ. ಅದನ್ನ ತಗೊಂಡ ಜೈಲಿಗೆ ಹೋಗ್ರಿ. ನೀವು ಜೈಲಿನಿಂದ ಹೊಂಟ ನಮ್ಮ ಕಡೆ ಬರ್ತೀರಿ, ಅದ ತಪ್ಪ."

ಅವರು ತಲೆಯಾಡಿಸಿದರು. ನನ್ನ ಬಸ್ಸು ಬಂತು.

ಜಾಬರ್ ಈಗ ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದಾನೆ. ಅವನ ಹೆಂಡತಿ ಅವನನ್ನು ಮನೆಗೆ ಸೇರಿಸಲಿಲ್ಲ ಎಂದು ಕೇಳಿದ್ದೇನೆ. ಎಲ್ಲಿದ್ದಾನೆ ಎಂದು ನಾನು ವಿಚಾರಿಸಲು ಹೋಗಿಲ್ಲ. ಸಂಬಂಧಿಕರು ಈಗಲೂ ಕೇಳುತ್ತಾರೆ, ಮನಸ್ಸು ಹಗುರವಾಯಿತಾ ಎಂದು. ಇಲ್ಲ ಎನ್ನುತ್ತೇನೆ.

ತಮ್ಮನ ಹೆಂಡತಿ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊದಲು ಮಗಳ ಶಾಲೆ, ಅವ್ವನ ಮೊಣಕಾಲು, ಇಂಥದ್ದೇ ಮಾತು. ಆಮೇಲೆ ಅವನ ಸುದ್ದಿ ತೆಗೆಯುತ್ತಾಳೆ. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಅವಳಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅವಳ ತವರಿಗೆ ಹೋದಾಗ ಎಮ್ಮೆಗೆ ಹೆದರಿ ಗೋಡೆ ಹತ್ತಿದ್ದನಂತೆ, ಕುರಿ ಕಾಯುವ ಮನೆಯ ಮಗ. ಮಗಳು ಹುಟ್ಟಿದಾಗ ಕೂಸನ್ನು ಎತ್ತಿಕೊಳ್ಳಲು ಬಾರದೆ, ತಲೆದಿಂಬಿನ ಸಮೇತ ಎತ್ತಿದ್ದನಂತೆ. ಹೇಳುತ್ತಾ ಅವಳು ನಗುತ್ತಾಳೆ, ನಾನೂ ನಗುತ್ತೇನೆ. ಫೋನು ಇಟ್ಟ ಮೇಲೆ ನನಗೆ ಮತ್ತೆ ಸಿಟ್ಟು ಬರುತ್ತದೆ. ಇಷ್ಟು ಮಾತುಗಳನ್ನು ಅವಳು ಇಷ್ಟು ವರ್ಷ ಮಗಳಿಗೂ ಹೇಳದೆ ಒಳಗೇ ಅದುಮಿಟ್ಟುಕೊಂಡಿದ್ದಳಲ್ಲ ಎಂದು.